ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಹ್ಯೂಮನ್ ಸರ್ವೀಸಸ್ ಓದು: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಕೂಟದ ಊಟದ ಸಾಲಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ, ಪರಿಚಯದವರ ಪರಿಚಯದವರು ಬರೆಯುವ ಮೇಲ್‌ಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರು ಗಂಡನ ಅಥವಾ ಹೆಂಡತಿಯ ಕೆಲಸದ ಬೆನ್ನಿಗೆ ಅಮೆರಿಕಕ್ಕೆ ಬಂದವರು, ಊರಿನಲ್ಲಿ ಒಂದು ಡಿಗ್ರಿ ಮುಗಿಸಿದವರು. ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ, ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಇಲ್ಲಿಯವೇ. ಫೀಸು, ವೀಸಾ, ಲೈಸೆನ್ಸ್ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹಣ ಕಟ್ಟುವ ಮುಂಚೆ ನಿಮ್ಮ ಕಾಲೇಜಿನಲ್ಲಿ ಒಮ್ಮೆ ವಿಚಾರಿಸಿ.

## ಮೊದಲು ತಿಳಿಯಬೇಕಾದ್ದು

ಹ್ಯೂಮನ್ ಸರ್ವೀಸಸ್ ಅಂದ್ರೆ ಎಚ್‌ಆರ್ ಥರದ್ದಾ?

ಅಲ್ಲ. ಎಚ್‌ಆರ್ ಅಂದರೆ ಕಂಪನಿಯ ಸಿಬ್ಬಂದಿ ವಿಭಾಗ. ಇದು ಕಷ್ಟದಲ್ಲಿರುವವರನ್ನು ಅವರಿಗೆ ಸಿಗಬೇಕಾದ ನೆರವಿನ ಹತ್ತಿರ ತಲುಪಿಸುವ ಕೆಲಸ. ಮನೆ ಕಳೆದುಕೊಂಡವರಿಗೆ ಶೆಲ್ಟರ್, ಊಟಕ್ಕೆ ತೊಂದರೆ ಇರುವವರಿಗೆ ಸ್ನ್ಯಾಪ್ ಎಂಬ ಸರ್ಕಾರಿ ಆಹಾರ ನೆರವು, ವೈದ್ಯಕೀಯ ಖರ್ಚಿಗೆ ಮೆಡಿಕೈಡ್ ಎಂಬ ಸರ್ಕಾರಿ ಆರೋಗ್ಯ ವಿಮೆ, ಕುಡಿತ ಬಿಡಲು ಹೊರಟವರಿಗೆ ಚಿಕಿತ್ಸಾ ಕೇಂದ್ರ, ಹೊಡೆತ ತಿನ್ನುತ್ತಿರುವ ಹೆಂಗಸಿಗೆ ಸುರಕ್ಷಿತ ಜಾಗ. ನಮ್ಮಲ್ಲಿ ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ತಾಲ್ಲೂಕು ಕಚೇರಿಯಲ್ಲಿ ವಿಧವಾ ಪಿಂಚಣಿ ಅರ್ಜಿ ತುಂಬಿಕೊಟ್ಟು ಹಿಂದೆ ಬಿದ್ದು ಮಂಜೂರು ಮಾಡಿಸುವ ಪುಣ್ಯಾತ್ಮ, ಈ ಮೂವರ ಕೆಲಸವನ್ನೂ ಸೇರಿಸಿ ಒಂದು ವೃತ್ತಿಯಾಗಿ ಕಲಿಸಿದರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ.

ಈ ಓದು ಹುಟ್ಟಿದ್ದಕ್ಕೆ ಒಂದು ಚರಿತ್ರೆ ಇದೆ. 1955ರ ಹೊತ್ತಿಗೆ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನ ಇದ್ದರು. ಅಲ್ಲಿನ ಸ್ಥಿತಿಗತಿಯ ಬಗ್ಗೆ ಎದ್ದ ಕೂಗು, ಹೊಸದಾಗಿ ಬಂದ ಔಷಧಿಗಳು ಎರಡೂ ಸೇರಿ ರೋಗಿಗಳನ್ನು ಊರುಗಳಿಗೆ ಮರಳಿಸುವ ಕೆಲಸ ಶುರುವಾಯಿತು. 1963ರಲ್ಲಿ ಅಧ್ಯಕ್ಷ ಕೆನಡಿ ಕಮ್ಯುನಿಟಿ ಮೆಂಟಲ್ ಹೆಲ್ತ್ ಆ್ಯಕ್ಟ್‌ಗೆ ಸಹಿ ಹಾಕಿದರು. ಮರುವರ್ಷ ಜಾನ್ಸನ್ ಅವರ ಬಡತನ ವಿರೋಧಿ ಕಾರ್ಯಕ್ರಮಗಳು ಬಂದವು, 1965ರಲ್ಲಿ ಬಡ ಮನೆಗಳ ಪುಟ್ಟ ಮಕ್ಕಳಿಗಾಗಿ ಹೆಡ್ ಸ್ಟಾರ್ಟ್. ಆಸ್ಪತ್ರೆಯಿಂದ ಹೊರಬಂದವರನ್ನು ಊರಿನಲ್ಲಿ ನೋಡಿಕೊಳ್ಳುವವರು ಯಾರು? ಸೈಕಿಯಾಟ್ರಿಸ್ಟ್‌ಗಳೂ ಎಂಎಸ್‌ಡಬ್ಲ್ಯೂ, ಅಂದರೆ ಸೋಶಿಯಲ್ ವರ್ಕ್‌ನಲ್ಲಿ ಮಾಸ್ಟರ್ಸ್ ಮಾಡಿದವರೂ ಸಾಲುತ್ತಿರಲಿಲ್ಲ. ಎರಡೇ ವರ್ಷದಲ್ಲಿ ತಯಾರಾಗುವ ಕೆಲಸಗಾರರು ಬೇಕಾದರು, ಅದಕ್ಕೆಂದೇ ಎರಡು ವರ್ಷದ ಕೋರ್ಸ್‌ಗಳು ಬಂದವು. ಎರಡೇ ವರ್ಷದ ಕೋರ್ಸಾ ಎಂದು ಮೂಗು ಮುರಿಯುವವರಿಗೆ ಈ ಹಿನ್ನೆಲೆ ಹೇಳಬೇಕು.

ಸೋಶಿಯಲ್ ವರ್ಕ್‌ಗೂ ಇದಕ್ಕೂ ವ್ಯತ್ಯಾಸ ಏನು? ಎರಡೂ ಒಂದೇ ಅಂತಾರಲ್ಲ?

ಕೆಲಸದ ಜಾಗದಲ್ಲಿ ಇಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ. ವ್ಯತ್ಯಾಸ ಇರುವುದು ಕಾಗದದಲ್ಲಿ, ಮತ್ತು ಆ ಕಾಗದ ಬಹಳ ಮುಖ್ಯ. ಅನೇಕ ರಾಜ್ಯಗಳಲ್ಲಿ ‘ಸೋಶಿಯಲ್ ವರ್ಕರ್’ ಎಂದು ಕರೆದುಕೊಳ್ಳಲು ಕಾನೂನಿನ ಕಟ್ಟುಪಾಡು ಇದೆ. ಅದಕ್ಕೆ ಕೌನ್ಸಿಲ್ ಆನ್ ಸೋಶಿಯಲ್ ವರ್ಕ್ ಎಜುಕೇಶನ್, ಅಂದರೆ ಸಿಎಸ್‌ಡಬ್ಲ್ಯೂಇ ಮಾನ್ಯ ಮಾಡಿದ ಬಿಎಸ್‌ಡಬ್ಲ್ಯೂ (ಅದೇ ವಿಷಯದ ಬ್ಯಾಚುಲರ್ಸ್) ಅಥವಾ ಎಂಎಸ್‌ಡಬ್ಲ್ಯೂ ಬೇಕು. ಎರಡು ವರ್ಷದ ಪದವಿಗೆ ಆ ಸಂಸ್ಥೆ ಮಾನ್ಯತೆ ಕೊಡುವುದೇ ಇಲ್ಲ. ಹ್ಯೂಮನ್ ಸರ್ವೀಸಸ್‌ಗೆ ಬೇರೆಯದೇ ಮಂಡಳಿ, 1979ರಲ್ಲಿ ಶುರುವಾದ ಸಿಎಸ್‌ಎಚ್‌ಎಸ್‌ಇ. ಈ ಎರಡು ಹೆಸರುಗಳನ್ನು ಗೊಂದಲ ಮಾಡಿಕೊಂಡು ಸೇರುವವರು ಬಹಳ ಜನ. ಮುಂದೆ ಕೌನ್ಸೆಲಿಂಗ್, ಥೆರಪಿ ಮಾಡಬೇಕೆಂಬ ಆಸೆ ಇದ್ದರೆ ಹ್ಯೂಮನ್ ಸರ್ವೀಸಸ್ ಮೊದಲ ಮೆಟ್ಟಿಲು ಮಾತ್ರ. ಅದೊಂದರಿಂದಲೇ ಥೆರಪಿಸ್ಟ್ ಆಗಲು ಆಗುವುದಿಲ್ಲ.

ಕಮ್ಯುನಿಟಿ ಕಾಲೇಜು ಅಂದ್ರೆ ಸೀಟು ಸಿಗದವರು ಹೋಗೋ ಜಾಗ ಅಲ್ವಾ?

ನಮ್ಮವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಇವು ಎರಡು ವರ್ಷದ ಪದವಿ ಕೊಡುವ ಸರ್ಕಾರಿ ಕಾಲೇಜುಗಳು. ಮೊದಲನೆಯದು ಇಲಿನಾಯ್‌ನ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾಯಿತು. ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಇವೆ. ಕಟ್‌ಆಫ್ ಇಲ್ಲ, ಸಿಇಟಿ ಇಲ್ಲ. ಆದರೆ ಒಳಗೆ ಹೋಗುವುದು ಸುಲಭ ಎಂದ ಮಾತ್ರಕ್ಕೆ ಪಾಸಾಗುವುದು ಸುಲಭವೇನಲ್ಲ. ನಿಮ್ಮ ಪಕ್ಕದಲ್ಲಿ ಹದಿನೆಂಟರ ಹುಡುಗಿ, ಜೈಲಿನಿಂದ ಬಿಡುಗಡೆಯಾಗಿ ಬದುಕು ಕಟ್ಟಿಕೊಳ್ಳುತ್ತಿರುವ ನಲವತ್ತರ ಗಂಡಸು, ಮೊಮ್ಮಗನನ್ನು ಸಾಕುತ್ತಿರುವ ಅಜ್ಜಿ ಎಲ್ಲರೂ ಕೂತಿರುತ್ತಾರೆ. ಈ ವಿಷಯ ಓದುವುದಕ್ಕೆ ಅದಕ್ಕಿಂತ ಒಳ್ಳೆಯ ಕ್ಲಾಸ್‌ರೂಮ್ ದೊಡ್ಡ ಹೆಸರಿನ ಯೂನಿವರ್ಸಿಟಿಯಲ್ಲೂ ಸಿಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಎರಡು ವರ್ಷ ಏನೇನು ಕಲಿಸ್ತಾರೆ? ಎಲ್ಲಾ ಥಿಯರಿನಾ?

ಒಟ್ಟು ಸುಮಾರು 60 ಕ್ರೆಡಿಟ್. ಅದರಲ್ಲಿ ಒಂದು ಪಾಲು ಎಲ್ಲರೂ ಓದುವ ಸಾಮಾನ್ಯ ವಿಷಯಗಳು: ಇಂಗ್ಲಿಷ್ ಬರವಣಿಗೆ, ಸೈಕಾಲಜಿ, ಸೋಶಿಯಾಲಜಿ, ಸ್ಟಾಟಿಸ್ಟಿಕ್ಸ್. ಉಳಿದದ್ದು ಕಸುಬು. ಇಂಟರ್‌ವ್ಯೂ ಮಾಡುವ ರೀತಿ, ಕೇಸ್ ಮ್ಯಾನೇಜ್‌ಮೆಂಟ್, ಗುಂಪು ನಡೆಸುವುದು, ಕ್ರೈಸಿಸ್ ಬಂದಾಗ ಏನು ಮಾಡಬೇಕು, ವೃತ್ತಿಯ ನೀತಿನಿಯಮ, ಕೊನೆಗೆ ಫೀಲ್ಡ್‌ವರ್ಕ್.

ಎಥಿಕ್ಸ್ ಕ್ಲಾಸಿನಲ್ಲಿ ಟಾರಾಸಾಫ್ ತೀರ್ಪು ಬಂದೇ ಬರುತ್ತದೆ. 1969ರಲ್ಲಿ ಬರ್ಕ್ಲಿಯಲ್ಲಿ ಟಾರಾಸಾಫ್ ಎಂಬ ವಿದ್ಯಾರ್ಥಿನಿಯ ಕೊಲೆಯಾಯಿತು. ಕೊಂದವನು ತನ್ನ ಉದ್ದೇಶವನ್ನು ಮೊದಲೇ ಯೂನಿವರ್ಸಿಟಿಯ ಸೈಕಾಲಜಿಸ್ಟ್ ಹತ್ತಿರ ಹೇಳಿಕೊಂಡಿದ್ದ, ಆ ಹುಡುಗಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ಅಪಾಯದಲ್ಲಿರುವವರನ್ನು ಕಾಪಾಡುವ ಹೊಣೆ ಗೌಪ್ಯತೆಗಿಂತ ದೊಡ್ಡದು ಎಂದಿತು. ಕೊಲೆ ಮಾಡಿದವನು ಭಾರತದಿಂದ ಓದಲು ಬಂದಿದ್ದ ಹುಡುಗ. ಆ ಪಾಠದ ದಿನ ಕ್ಲಾಸಿನಲ್ಲಿರುವ ಏಕೈಕ ಭಾರತೀಯರು ನೀವೇ ಆಗಿದ್ದರೆ ಎಲ್ಲರ ಕಣ್ಣೂ ನಿಮ್ಮ ಕಡೆ ತಿರುಗಬಹುದು, ಮೊದಲೇ ಗೊತ್ತಿರಲಿ.

## ಸೇರುವುದು, ದುಡ್ಡು, ವೀಸಾ

ನಾನು ಎಚ್-4ನಲ್ಲಿ ಇದೀನಿ. ಓದೋಕೆ ಎಫ್-1ಗೆ ಬದಲಾಯಿಸಬೇಕಾ?

ಬೇಕಿಲ್ಲ. ಎಚ್-4 ಅಂದರೆ ಎಚ್-1ಬಿ ಕೆಲಸದ ವೀಸಾದವರ ಸಂಗಾತಿ, ಮಕ್ಕಳ ವೀಸಾ; ಎಫ್-1 ವಿದ್ಯಾರ್ಥಿ ವೀಸಾ. ಎಚ್-4ನಲ್ಲಿ ಇದ್ದುಕೊಂಡೇ ಒಂದು ಕ್ಲಾಸಾದರೂ ತೆಗೆದುಕೊಳ್ಳಬಹುದು, ಪೂರ್ತಿ ಪದವಿಯಾದರೂ ಮಾಡಬಹುದು. ಎಫ್-1ನವರಿಗೆ ಪ್ರತಿ ಸೆಮಿಸ್ಟರ್ ಕನಿಷ್ಠ 12 ಕ್ರೆಡಿಟ್ ಓದುವ ಕಟ್ಟುಪಾಡು, ಅದರೊಳಗೆ ಆನ್‌ಲೈನ್ ಕ್ಲಾಸ್ ಒಂದೇ ಒಂದು ಲೆಕ್ಕಕ್ಕೆ ಬರುವ ನಿರ್ಬಂಧ. ನಿಮಗೆ ಇವೆರಡೂ ಇಲ್ಲ. ತೊಡಕು ಬರುವುದು ಓದಿನಲ್ಲಲ್ಲ, ಕೆಲಸದಲ್ಲಿ. ಕೆಲಸ ಮಾಡಲು ಎಚ್-4 ಇಎಡಿ, ಅಂದರೆ ಕೆಲಸದ ಪರ್ಮಿಟ್ ಬೇಕು. 2015ರಿಂದ ಇರುವ ಈ ಸೌಲಭ್ಯ ಮುಖ್ಯವಾಗಿ ಸಂಗಾತಿಯ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾದವರಿಗೆ. ಮಕ್ಕಳಿಗೆ ಇಲ್ಲ, ಮೇಲಾಗಿ ಅವರು 21 ತುಂಬಿದ ದಿನ ಎಚ್-4ನಿಂದಲೇ ಹೊರಬೀಳುತ್ತಾರೆ.

ಒಂದು ಮಾತನ್ನು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ‘ಈ ಡಿಗ್ರಿ ಮಾಡಿದರೆ ನನಗೂ ಎಚ್-1ಬಿ ಸಿಗುತ್ತಾ’ ಎಂದು ಕೇಳುತ್ತಾರೆ. ಎಚ್-1ಬಿಗೆ ಕನಿಷ್ಠ ಬ್ಯಾಚುಲರ್ ಡಿಗ್ರಿ ಬೇಡುವ ಹುದ್ದೆ ಇರಬೇಕು. ಅಸೋಸಿಯೇಟ್ ಡಿಗ್ರಿ, ಅಂದರೆ ಈ ಎರಡು ವರ್ಷದ ಪದವಿ ಸಾಕೆನ್ನುವ ಹುದ್ದೆಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಎಂಎಸ್‌ಡಬ್ಲ್ಯೂ ತನಕ ಹೋದರೆ ದಾರಿ ಇದೆ.

ಫೀಸು ಎಷ್ಟಾಗುತ್ತೆ? ಎಫ್‌ಎಎಫ್‌ಎಸ್‌ಎ ಸಿಗುತ್ತಾ?

ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್‌ಗೆ 46 ಡಾಲರ್. 60 ಯೂನಿಟ್‌ಗೆ 2,760 ಡಾಲರ್, ಮೇಲೆ ಪುಸ್ತಕ, ಪಾರ್ಕಿಂಗ್, ಚಿಲ್ಲರೆ ಶುಲ್ಕ. ನಿವಾಸಿ ಅಲ್ಲದವರಿಗೆ ಇದು ಹಲವು ಪಟ್ಟು ಹೆಚ್ಚು. ಇಲ್ಲೇ ನಮ್ಮವರು ಸುಮ್ಮನೆ ದುಡ್ಡು ಕಳೆದುಕೊಳ್ಳುವುದು. ಎಚ್-4 ಎಂದ ಕೂಡಲೇ ಅಡ್ಮಿಶನ್ ಕೌಂಟರಿನಲ್ಲಿ ‘ಇಂಟರ್‌ನ್ಯಾಷನಲ್ ಸ್ಟೂಡೆಂಟ್’ ಎಂದು ಗುರುತು ಹಾಕಿಬಿಡುವುದುಂಟು. ಕ್ಯಾಲಿಫೋರ್ನಿಯಾದಲ್ಲಿ ಎಫ್-1ನವರಿಗೆ ನಿವಾಸಿ ದರ ಸಿಗುವುದಿಲ್ಲ, ಎಚ್-1ಬಿ ಮತ್ತು ಎಚ್-4ನವರಿಗೆ ಒಂದು ವರ್ಷ ಮತ್ತು ಒಂದು ದಿನ ಇಲ್ಲಿ ನೆಲೆಸಿದ್ದಕ್ಕೆ ದಾಖಲೆ ಕೊಟ್ಟರೆ ಸಿಗುತ್ತದೆ. ಬಾಡಿಗೆ ಕರಾರು, ಟ್ಯಾಕ್ಸ್ ರಿಟರ್ನ್, ಡ್ರೈವಿಂಗ್ ಲೈಸೆನ್ಸ್ ಹಿಡಿದುಕೊಂಡು ಹೋಗಿ ‘ರೆಸಿಡೆನ್ಸಿ ಡಿಟರ್ಮಿನೇಶನ್ ಮಾಡಿಕೊಡಿ’ ಎಂದು ಕೇಳಿ. ಮೊದಲ ಸಲ ಇಲ್ಲ ಎಂದರೆ ಮೇಲಿನವರನ್ನು ಕೇಳಿ.

ಎಫ್‌ಎಎಫ್‌ಎಸ್‌ಎ ಅಂದರೆ ಓದಿಗೆ ಕೇಂದ್ರ ಸರ್ಕಾರದ ಧನಸಹಾಯ ಕೇಳುವ ಅರ್ಜಿ. ಅದು ಇರುವುದು ಸಿಟಿಜನ್, ಗ್ರೀನ್ ಕಾರ್ಡ್ ಇರುವವರು ಮತ್ತು ನಿರಾಶ್ರಿತರಂಥ ಕೆಲವು ವರ್ಗಗಳಿಗೆ. ಎಚ್-4, ಎಫ್-1ಗೆ ಇಲ್ಲ. ಗ್ರೀನ್ ಕಾರ್ಡ್ ಬಂದಿದ್ದರೆ ಅರ್ಜಿ ಹಾಕದೆ ಬಿಡಬೇಡಿ. ಆ ಅರ್ಜಿಯಿಂದ ಸಿಗುವ ಪೆಲ್ ಗ್ರಾಂಟ್ 2025-26ಕ್ಕೆ ಗರಿಷ್ಠ 7,395 ಡಾಲರ್, ಅದನ್ನು ತೀರಿಸಬೇಕಿಲ್ಲ. ಆದರೆ ಮನೆಯ ಆದಾಯ ನೋಡುತ್ತಾರೆ, ಐಟಿ ಸಂಬಳದ ಮನೆಗಳಿಗೆ ಸಾಮಾನ್ಯವಾಗಿ ಸಿಗದು.

ಎಎ, ಎಎಸ್, ಎಎಎಸ್, ಸರ್ಟಿಫಿಕೇಟ್… ಇಷ್ಟೊಂದು ಇದೆ, ಯಾವುದು ತಗೊಳ್ಳಲಿ?

ಮೊದಲ ಮೂರೂ ಅಸೋಸಿಯೇಟ್ ಡಿಗ್ರಿಯ ಬಗೆಗಳು. ಮುಂದೆ ಬ್ಯಾಚುಲರ್ಸ್ ಓದುವ ಯೋಚನೆ ಒಂದಿಷ್ಟಾದರೂ ಇದ್ದರೆ ಟ್ರಾನ್ಸ್‌ಫರ್‌ಗೆಂದೇ, ಅಂದರೆ ಯೂನಿವರ್ಸಿಟಿಯಲ್ಲಿ ಮುಂದುವರಿಸಲೆಂದೇ ಮಾಡಿರುವ ಪದವಿ ಹಿಡಿಯಿರಿ. ಎಎಎಸ್ ಎಂದರೆ ನೇರ ಕೆಲಸಕ್ಕೆ ಹೋಗುವವರ ಪದವಿ. ಅದರಲ್ಲಿನ ಕಸುಬಿನ ಕ್ರೆಡಿಟ್‌ಗಳನ್ನು ಅನೇಕ ಯೂನಿವರ್ಸಿಟಿಗಳು ಪೂರ್ತಿ ತೆಗೆದುಕೊಳ್ಳುವುದಿಲ್ಲ, ಎರಡು ವರ್ಷ ಓದಿದ್ದು ಒಂದೇ ವರ್ಷದ ಲೆಕ್ಕವಾಗಿ ಕೂರಬಹುದು. ಕ್ಯಾಲಿಫೋರ್ನಿಯಾದಲ್ಲಿ ‘ಸೋಶಿಯಲ್ ವರ್ಕ್ ಅಂಡ್ ಹ್ಯೂಮನ್ ಸರ್ವೀಸಸ್’ ಹೆಸರಿನಲ್ಲಿ ಎಎ-ಟಿ ಎಂಬ ಟ್ರಾನ್ಸ್‌ಫರ್ ಪದವಿ ಇದೆ. ಅದು ಮುಗಿಸಿದರೆ ಕ್ಯಾಲ್ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಎಲ್ಲಾದರೂ ಒಂದು ಕಡೆ ಮೂರನೇ ವರ್ಷಕ್ಕೆ ಜಾಗ ಖಾತ್ರಿ. ನೀವು ಬಯಸಿದ ಕ್ಯಾಂಪಸ್ಸೇ ಸಿಗುತ್ತದೆ ಎಂಬ ಖಾತ್ರಿ ಮಾತ್ರ ಇಲ್ಲ.

ಸರ್ಟಿಫಿಕೇಟ್ ಚಿಕ್ಕದು. ಈಗಾಗಲೇ ಡಿಗ್ರಿ ಇರುವವರಿಗೆ ಅದೇ ಸಾಕಾಗಬಹುದು. ಕಾರಣ ಮುಂದಿನ ಪ್ರಶ್ನೆಯಲ್ಲಿದೆ.

ಊರಲ್ಲಿ ಬಿಕಾಂ ಆಗಿದೆ. ಮತ್ತೆ ಮೊದಲಿಂದ ಓದಬೇಕಾ? ನನ್ನ ತಂಗಿ ಮಂಗಳೂರಲ್ಲಿ ಎಂಎಸ್‌ಡಬ್ಲ್ಯೂ ಮಾಡಿದಾಳೆ, ಅವಳಿಗೆ?

ಬಿಕಾಂ, ಬಿಎ, ಬಿಇ ಯಾವುದೇ ಆಗಿರಲಿ, ಅಮೆರಿಕದಲ್ಲಿ ಎಂಎಸ್‌ಡಬ್ಲ್ಯೂ ಸೇರಲು ಯಾವುದೋ ಒಂದು ಬ್ಯಾಚುಲರ್ಸ್ ಡಿಗ್ರಿ ಇದ್ದರೆ ಸಾಕು, ಅದೇ ವಿಷಯದ್ದಾಗಬೇಕಿಲ್ಲ. ಹಾಗಾಗಿ ಪದವೀಧರರು ಅಸೋಸಿಯೇಟ್ ಡಿಗ್ರಿಯ ಅರವತ್ತೂ ಕ್ರೆಡಿಟ್ ಓದಲು ಹೊರಟರೆ ನಾನು ಮೊದಲು ತಡೆಯುತ್ತೇನೆ. ನಿಮ್ಮ ಡಿಗ್ರಿಯನ್ನು ಡಬ್ಲ್ಯೂಇಎಸ್ ಅಥವಾ ಇಸಿಇಯಂಥ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿ. ನಾಲ್ಕು ವರ್ಷದ ಬಿಇಗೆ ತಕರಾರು ಬರುವುದು ಅಪರೂಪ. ಮೂರು ವರ್ಷದ ಬಿಕಾಂ, ಬಿಎಯನ್ನು ಕೆಲವು ಯೂನಿವರ್ಸಿಟಿಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ, ಅದನ್ನು ನೇರವಾಗಿ ಮೇಲ್ ಬರೆದೇ ಕೇಳಬೇಕು. ಒಪ್ಪುವುದಾದರೆ ಕಮ್ಯುನಿಟಿ ಕಾಲೇಜಿನಲ್ಲಿ ಇಂಟ್ರೊಡಕ್ಷನ್ ಕ್ಲಾಸು, ಸ್ಟಾಟಿಸ್ಟಿಕ್ಸ್ ಮತ್ತು ಒಂದು ಫೀಲ್ಡ್ ಕೋರ್ಸ್ ತೆಗೆದುಕೊಳ್ಳಿ. ಈ ಕೆಲಸ ನಿಮ್ಮ ಜಾಯಮಾನಕ್ಕೆ ಒಗ್ಗುತ್ತದೋ ಇಲ್ಲವೋ ಕೆಲವು ನೂರು ಡಾಲರ್‌ನಲ್ಲಿ ಗೊತ್ತಾಗುತ್ತದೆ, ಎಂಎಸ್‌ಡಬ್ಲ್ಯೂ ಅರ್ಜಿಗೆ ಇಲ್ಲಿನ ಪ್ರೊಫೆಸರ್ ಒಬ್ಬರ ಶಿಫಾರಸು ಪತ್ರವೂ ಸಿಗುತ್ತದೆ.

ತಂಗಿಯ ವಿಷಯ ಬೇರೆ. ಮಂಗಳೂರಿನ ರೋಶನಿ ನಿಲಯವಿರಲಿ, ಬೇರೆ ಯಾವುದೇ ವಿಶ್ವವಿದ್ಯಾಲಯವಿರಲಿ, ಅಲ್ಲಿಯ ಎಂಎಸ್‌ಡಬ್ಲ್ಯೂ ಇದ್ದವರು ಸಿಎಸ್‌ಡಬ್ಲ್ಯೂಇಯ ವಿದೇಶಿ ಪದವಿ ಮೌಲ್ಯಮಾಪನ ವಿಭಾಗಕ್ಕೆ ಅರ್ಜಿ ಹಾಕಬೇಕು. ಸಿಲಬಸ್, ಫೀಲ್ಡ್‌ವರ್ಕ್ ಗಂಟೆಗಳ ದಾಖಲೆ ಕೇಳುತ್ತಾರೆ. ಸಮಾನ ಎಂದು ಬಂದರೆ ಅನೇಕ ರಾಜ್ಯಗಳಲ್ಲಿ ಲೈಸೆನ್ಸ್ ಪರೀಕ್ಷೆಗೆ ದಾರಿ ತೆರೆಯುತ್ತದೆ. ಆಕೆ ಮತ್ತೆ ಕಮ್ಯುನಿಟಿ ಕಾಲೇಜಿಗೆ ಹೋಗಬೇಕಾಗಿಲ್ಲ.

ಮಕ್ಕಳು ಸಣ್ಣವರು. ಪೂರ್ತಿ ಆನ್‌ಲೈನ್‌ನಲ್ಲೇ ಮುಗಿಸಬಹುದಾ?

ಥಿಯರಿ ಕ್ಲಾಸ್‌ಗಳನ್ನು ಬಹುಪಾಲು ಮುಗಿಸಬಹುದು. ಫೀಲ್ಡ್‌ವರ್ಕ್ ಮಾತ್ರ ಮನೆಯಿಂದ ಆಗದು. ಇಂಟರ್‌ವ್ಯೂ ಸ್ಕಿಲ್ಸ್ ಕ್ಲಾಸ್ ಒಂದನ್ನಾದರೂ ಎದುರುಬದುರು ಕೂತು ಮಾಡಿ. ಎದುರಿಗಿದ್ದವರು ಮಾತು ನಿಲ್ಲಿಸಿದಾಗ ಆ ಮೌನದಲ್ಲಿ ಸುಮ್ಮನೆ ಕೂರುವುದು ಜೂಮ್‌ನಲ್ಲಿ ಕಲಿಯುವ ವಿದ್ಯೆಯಲ್ಲ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಕನ್ನಡ ಮೀಡಿಯಂ. ನಡೆಯುತ್ತಾ?

ಮಾತಾಡುವ ಇಂಗ್ಲಿಷ್ ನಡೆಯುತ್ತದೆ, ಕ್ಲೈಂಟ್‌ಗಳಲ್ಲೂ ಅನೇಕರಿಗೆ ಅದು ಎರಡನೇ ಭಾಷೆ. ಹೆಚ್ಚು ಶ್ರಮ ಬೇಡುವುದು ಬರವಣಿಗೆ. ಕೇಸ್ ನೋಟ್ಸ್‌ನಲ್ಲಿ ಕಂಡದ್ದನ್ನು ಕಂಡಂತೆ ಬರೆಯಬೇಕು. ‘ಕ್ಲೈಂಟ್ ಕುಡಿದು ಬಂದಿದ್ದ’ ಎಂದರೆ ಅದು ನಿಮ್ಮ ತೀರ್ಮಾನ. ‘ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು, ಮಾತು ತೊದಲುತ್ತಿತ್ತು’ ಎಂದರೆ ದಾಖಲೆ. ಆ ನೋಟ್ಸ್ ಮುಂದೊಂದು ದಿನ ಕೋರ್ಟಿಗೆ ಹೋಗಬಹುದು. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗಾಗಿ ಇಎಸ್‌ಎಲ್ ಕ್ಲಾಸ್‌ಗಳು ಅದೇ ಕಾಲೇಜಿನಲ್ಲಿ ಇರುತ್ತವೆ, ರೈಟಿಂಗ್ ಸೆಂಟರಿನಲ್ಲಿ ಬಿಟ್ಟಿಯಾಗಿ ತಿದ್ದಿಕೊಡುತ್ತಾರೆ. ನಾಚಿಕೆ ಬಿಟ್ಟು ಹೋಗಿ.

## ಫೀಲ್ಡ್‌ಗೆ ಇಳಿದ ಮೇಲೆ

ಪ್ರಾಕ್ಟಿಕಂ ಎಷ್ಟು ಗಂಟೆ? ಸಂಬಳ ಕೊಡ್ತಾರಾ?

ಪ್ರಾಕ್ಟಿಕಂ ಅಂದರೆ ಅದೇ ಫೀಲ್ಡ್‌ವರ್ಕ್. ಸಿಎಸ್‌ಎಚ್‌ಎಸ್‌ಇ ಮಾನ್ಯತೆ ಇರುವ ಅಸೋಸಿಯೇಟ್ ಕೋರ್ಸ್‌ಗಳಲ್ಲಿ ಕನಿಷ್ಠ 250 ಗಂಟೆ. ಬೇರೆ ಕಾಲೇಜುಗಳದ್ದು ಹೆಚ್ಚುಕಡಿಮೆ ಇರಬಹುದು. ವಾರಕ್ಕೆ 8ರಿಂದ 10 ಗಂಟೆ ಲೆಕ್ಕದಲ್ಲಿ ಎರಡು ಸೆಮಿಸ್ಟರ್ ಹಿಡಿಯುತ್ತದೆ. ಸಾಮಾನ್ಯವಾಗಿ ಸಂಬಳ ಇಲ್ಲ. ಶೆಲ್ಟರ್, ಫುಡ್ ಬ್ಯಾಂಕ್, ಹಿರಿಯರ ಡೇ ಕೇರ್, ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿ, ಶಾಲೆ, ರೀಹ್ಯಾಬ್, ಎಲ್ಲಿ ಬೇಕಾದರೂ ಹಾಕಬಹುದು. ಶುರುವಾಗುವ ಮುಂಚೆ ಬೆರಳಚ್ಚು ತಪಾಸಣೆ, ಟಿಬಿ ಪರೀಕ್ಷೆ, ಲಸಿಕೆ ದಾಖಲೆ ಕೇಳುವುದು ಮಾಮೂಲು. ಬಾಲ್ಯದ ಲಸಿಕೆ ಕಾರ್ಡ್ ಊರಿನ ಟ್ರಂಕಿನಲ್ಲಿ ಉಳಿದಿದ್ದರೆ ಹುಡುಕಾಡಬೇಡಿ, ಇಲ್ಲೇ ಟೈಟರ್ ರಕ್ತ ಪರೀಕ್ಷೆ ಮಾಡಿಸಿದರೆ ಆಯಿತು.

ಜಾಗ ಆರಿಸುವ ಅವಕಾಶ ಸಿಕ್ಕರೆ ನಿಮಗೆ ಇರುಸುಮುರುಸಾಗುವ ಜಾಗವನ್ನೇ ಆರಿಸಿ ಎನ್ನುತ್ತೇನೆ. ನಮ್ಮ ಹೆಣ್ಣುಮಕ್ಕಳು ಹೆಚ್ಚಾಗಿ ಶಾಲೆ ಅಥವಾ ಹಿರಿಯರ ಕೇಂದ್ರ ಕೇಳುತ್ತಾರೆ, ಅಲ್ಲಿ ಮನಸ್ಸಿಗೆ ಹಾಯಾಗಿರುತ್ತದೆ. ಆದರೆ ನೆರವು ಕೇಳಿ ಬಂದವರನ್ನು ಮೊದಲು ಮಾತಾಡಿಸುವ ಕೌಂಟಿಯ ಇಂಟೇಕ್ ಕಿಟಕಿಯಲ್ಲಿ ಒಂದು ಸೆಮಿಸ್ಟರ್ ಕೂತರೆ ಈ ದೇಶದ ಇನ್ನೊಂದು ಮುಖ ಕಾಣುತ್ತದೆ. ಎರಡು ಕೆಲಸ ಮಾಡಿಯೂ ಬಾಡಿಗೆ ಕಟ್ಟಲಾಗದವರು, ಕಾರಿನಲ್ಲೇ ಮಲಗಿ ಮಕ್ಕಳನ್ನು ಶಾಲೆಗೆ ಕಳಿಸುವವರು ಎಲ್ಲರೂ ಬರುವುದು ಆ ಕಿಟಕಿಗೇ.

ಎಚ್-4ನಲ್ಲಿ, ಎಫ್-1ನಲ್ಲಿ ಪ್ರಾಕ್ಟಿಕಂ ಮಾಡೋದು ಕಾನೂನುಬದ್ಧವಾ?

ಎಫ್-1ನವರಿಗೆ ಓದಿನ ಭಾಗವಾಗಿ ಕೆಲಸ ಮಾಡಲು ಸಿಪಿಟಿ ಎಂಬ ಅನುಮತಿ ಇದೆ. ಸಾಮಾನ್ಯವಾಗಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಮುಗಿದಿರಬೇಕು, ಗಂಟೆ ಶುರುವಾಗುವ ಮುಂಚೆ ಅನುಮತಿ ಕಾಲೇಜು ಕೊಡುವ ಐ-20 ಪತ್ರದಲ್ಲಿ ನಮೂದಾಗಿರಬೇಕು. ಕೋರ್ಸ್ ಮುಗಿದ ಮೇಲೆ 12 ತಿಂಗಳ ಓಪಿಟಿ, ಅಂದರೆ ಓದಿದ ವಿಷಯದಲ್ಲಿ ಕೆಲಸ ಮಾಡುವ ಅನುಮತಿ. ಹ್ಯೂಮನ್ ಸರ್ವೀಸಸ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ) ಪಟ್ಟಿಯಲ್ಲಿ ಇಲ್ಲ, ಎರಡು ವರ್ಷದ ವಿಸ್ತರಣೆ ಸಿಗದು.

ಎಚ್-4ಗೆ ಸಿಪಿಟಿಯಂಥದ್ದು ಇಲ್ಲ. ಇಎಡಿ ಇದ್ದರೆ ಯಾವ ತಲೆನೋವೂ ಇಲ್ಲ. ಇಲ್ಲದಿದ್ದರೆ ಸಂಬಳದ ಜಾಗ ಮುಟ್ಟುವಂತಿಲ್ಲ. ಸಂಬಳವಿಲ್ಲದ ಜಾಗದಲ್ಲೂ, ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನಿಮ್ಮಿಂದ ಮಾಡಿಸಿದರೆ ಅದನ್ನು ಉದ್ಯೋಗ ಎಂದು ನೋಡುವ ಅಪಾಯ ಇರುತ್ತದೆ. ಸೇವಾಸಂಸ್ಥೆಯಲ್ಲಿ, ಓದಿನ ಭಾಗವಾಗಿ, ಯಾವ ಪ್ರತಿಫಲವೂ ಇಲ್ಲದೆ ಎನ್ನುವುದನ್ನು ಕಾಲೇಜಿನಿಂದ ಬರವಣಿಗೆಯಲ್ಲಿ ಪಡೆದು ಒಬ್ಬ ಇಮಿಗ್ರೇಶನ್ ವಕೀಲರಿಗೆ ತೋರಿಸಿ. ಗುಂಪಿನಲ್ಲಿ ಯಾರೋ ‘ನಾನು ಮಾಡಿದೆ, ಏನೂ ಆಗಲಿಲ್ಲ’ ಎಂದದ್ದು ಸಲಹೆಯಲ್ಲ. ಮೊದಲ ಸೆಮಿಸ್ಟರಿಗೆ ಸೇರುವ ಮುಂಚೆಯೇ ಈ ಪ್ರಶ್ನೆ ಇತ್ಯರ್ಥವಾಗಬೇಕು, ಮೂರು ಸೆಮಿಸ್ಟರ್ ಓದಿ ಪ್ರಾಕ್ಟಿಕಂ ಬಾಗಿಲಲ್ಲಿ ನಿಲ್ಲುವುದು ಬೇಡ.

ಜನ ಕಷ್ಟ ಹೇಳ್ಕೊಂಡಾಗ ಬುದ್ಧಿ ಹೇಳಬಾರದಂತೆ? ಮತ್ತೆ ನಾವು ಮಾಡೋದೇನು?

ನಮ್ಮವರಿಗೆ ಈ ಓದಿನಲ್ಲಿ ಅತಿ ಕಷ್ಟದ ಭಾಗ ಸ್ಟಾಟಿಸ್ಟಿಕ್ಸ್ ಅಲ್ಲ, ಇದು. ನಮ್ಮಲ್ಲಿ ಗೋಳು ಕೇಳಿದ ತಕ್ಷಣ ‘ಹೀಗೆ ಮಾಡು’ ಎನ್ನುವುದೇ ಪ್ರೀತಿ, ಏನೂ ಹೇಳದೆ ಕೂತರೆ ಕಲ್ಲು ಮನಸ್ಸು. ಇಲ್ಲಿ ಮೊದಲ ಸೆಮಿಸ್ಟರಿನಲ್ಲೇ ಆ ಅಭ್ಯಾಸವನ್ನು ಬಿಡಿಸುತ್ತಾರೆ.

ಒಬ್ಬ ಹೆಂಗಸು ಬಂದು ‘ನಮ್ಮತ್ತೆ ದಿನಾ ಬೈತಾರೆ, ತಡ್ಕೊಳ್ಳೋಕಾಗ್ತಿಲ್ಲ’ ಎಂದಳು ಎನ್ನಿ. ನಮ್ಮ ಬಾಯಿಗೆ ತಾನಾಗಿ ಬರುವ ಮಾತು ‘ವಯಸ್ಸಾದವರು, ಸ್ವಲ್ಪ ಅನುಸರಿಸಿಕೊಂಡು ಹೋಗಿ’, ಇಲ್ಲವೇ ‘ಬೇರೆ ಮನೆ ಮಾಡಿಬಿಡಿ’. ಎರಡರಲ್ಲೂ ಆಕೆಯ ಮಾತು ಅಲ್ಲಿಗೇ ಮುಗಿಯಿತು. ಬದಲಿಗೆ ‘ದಿನಾ ಕೇಳಿ ಕೇಳಿ ಸಾಕಾಗಿಹೋಗಿದೆ ನಿಮಗೆ. ನಿನ್ನೆ ಏನಾಯ್ತು?’ ಎಂದು ಕೇಳಿ ನೋಡಿ. ಬೈಗುಳದ ಹಿಂದೆ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿರುವುದು, ಬ್ಯಾಂಕ್ ಕಾರ್ಡ್ ಕೊಡದಿರುವುದು, ಗಂಡ ಕೈ ಎತ್ತುವುದು ಒಂದೊಂದಾಗಿ ಹೊರಬರಬಹುದು. ಏನೂ ಇಲ್ಲದೆ ಬರೀ ಅತ್ತೆಯ ಬಾಯಿಯೇ ಜೋರಿರಬಹುದು. ಯಾವುದು ಎಂದು ತಿಳಿಯದೆ ಕೊಟ್ಟ ಸಲಹೆಯಿಂದ ಆಕೆಗೆ ಏಟು ಬೀಳಬಹುದು. ತಿಳಿದ ಮೇಲೂ, ಇರುವ ದಾರಿಗಳನ್ನು ಮುಂದಿಡುವುದಷ್ಟೇ ನಿಮ್ಮ ಕೆಲಸ. ಯಾವ ದಾರಿ ಹಿಡಿಯಬೇಕೆಂದು ಆಕೆಯೇ ತೀರ್ಮಾನಿಸಬೇಕು. ಮರಳಿ ಅದೇ ಮನೆಗೆ ಹೋಗುತ್ತೇನೆ ಎಂದರೂ ಅದು ಆಕೆಯ ತೀರ್ಮಾನವೇ, ಬಾಗಿಲು ತೆರೆದಿರುತ್ತದೆ ಎಂದು ಹೇಳಿ ಕಳಿಸಬೇಕು. ನನಗೆ ಇವತ್ತಿಗೂ ಹೊಟ್ಟೆ ಕಿವುಚುವುದು ಅಂಥ ದಿನಗಳಲ್ಲಿ.

ಈ ಕಲಿಕೆಗೆ ಒಂದು ಅಡ್ಡ ಪರಿಣಾಮವೂ ಇದೆ. ಮನೆಯಲ್ಲಿ ‘ನಿನಗೆ ಬೇಜಾರಾಗಿದೆ ಅನ್ನಿಸ್ತಿದೆ’ ಎಂದು ಶುರು ಮಾಡಿದರೆ ‘ನನ್ನ ಮೇಲೆ ಹೋಮ್‌ವರ್ಕ್ ಮಾಡ್ಬೇಡ’ ಎಂದು ಬೈಸಿಕೊಳ್ಳುತ್ತೀರಿ.

ಮ್ಯಾಂಡೇಟೆಡ್ ರಿಪೋರ್ಟರ್ ಆದ್ರೆ ನೆಂಟರ ಮನೇಲಿ ಮಗುಗೆ ಹೊಡೆದದ್ದನ್ನೂ ಹೇಳಬೇಕಾ?

ಮ್ಯಾಂಡೇಟೆಡ್ ರಿಪೋರ್ಟರ್ ಅಂದರೆ ದೌರ್ಜನ್ಯದ ಸಂಶಯವನ್ನು ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದವರು. ನೀವು ಹೇಳಬೇಕೋ ಬೇಡವೋ ಎಂಬುದು ಎಲ್ಲಿದ್ದೀರಿ ಎನ್ನುವುದರ ಮೇಲೆ ಹೋಗುತ್ತದೆ. ನ್ಯೂಜೆರ್ಸಿ ಮತ್ತು ಟೆಕ್ಸಸ್‌ನಲ್ಲಿ ಮಗುವಿನ ಮೇಲೆ ದೌರ್ಜನ್ಯದ ಸಂಶಯ ಬಂದರೆ ವರದಿ ಮಾಡುವ ಹೊಣೆ ಪ್ರತಿಯೊಬ್ಬರ ಮೇಲೂ ಇದೆ, ಕೋರ್ಸ್ ಓದಿರಲಿ ಬಿಟ್ಟಿರಲಿ. ಕ್ಯಾಲಿಫೋರ್ನಿಯಾದಲ್ಲಿ ಪಟ್ಟಿ ಮಾಡಿದ ವೃತ್ತಿಯವರಿಗೆ ಕೆಲಸದ ನೆಲೆಯಲ್ಲಿ ತಿಳಿದುಬಂದದ್ದಕ್ಕೆ ಈ ಹೊಣೆ. ಕೂಡಲೇ ಫೋನ್ ಮಾಡಬೇಕು, 36 ಗಂಟೆಯೊಳಗೆ ಬರವಣಿಗೆಯಲ್ಲಿ ಕೊಡಬೇಕು. ಮಾಡದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ಡಾಲರ್‌ವರೆಗೆ ದಂಡ ಇಲ್ಲವೇ ಎರಡೂ. ಪುರಾವೆ ಬೇಕಿಲ್ಲ, ಸಕಾರಣ ಸಂಶಯ ಸಾಕು. ತನಿಖೆ ಮಾಡುವುದು ನಿಮ್ಮ ಕೆಲಸವಲ್ಲ. ‘ಸೂಪರ್‌ವೈಸರ್‌ಗೆ ಹೇಳಿದ್ದೇನೆ’ ಎಂದರೆ ನಿಮ್ಮ ಹೊಣೆ ಮುಗಿಯುವುದೂ ಇಲ್ಲ.

ಬೆಲ್ಟ್ ಗುರುತು ಬಿದ್ದ ಮಗುವಿನ ವಿಷಯದಲ್ಲಿ ‘ನಮ್ಮ ಕಡೆ ಹೀಗೇ ಬೆಳೆಸೋದು’ ಎಂಬ ವಾದಕ್ಕೆ ಇಲ್ಲಿ ಕಿವಿಗೊಡುವವರಿಲ್ಲ. ಕೊಡಬೇಕಾಗಿಯೂ ಇಲ್ಲ.

ನನ್ನ ಬದುಕಲ್ಲೇ ಇಂಥದ್ದೆಲ್ಲ ನಡೆದಿದೆ. ನಾನು ಈ ಕೋರ್ಸ್ ಮಾಡಬಹುದಾ?

ಮಾಡಬಹುದು. ಕ್ಲಾಸಿನಲ್ಲಿ ಅಂಥವರೇ ಹೆಚ್ಚು ಎಂದರೂ ತಪ್ಪಲ್ಲ. ನಿಮ್ಮ ಕಥೆಯನ್ನು ಕ್ಲಾಸಿನಲ್ಲಿ ಹೇಳಲೇಬೇಕಾದ ಒತ್ತಾಯ ಇಲ್ಲ. ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಕೌನ್ಸೆಲಿಂಗ್ ಇರುತ್ತದೆ, ಪಾಠ ಶುರುವಾಗುವ ಮುಂಚೆಯೇ ಅಲ್ಲೊಬ್ಬರನ್ನು ಗೊತ್ತುಮಾಡಿಕೊಳ್ಳಿ.

ಈಗಲೂ ನಡೆಯುತ್ತಿದೆ ಎಂದಾದರೆ ಮೊದಲು ಕೋರ್ಸ್ ಅಲ್ಲ. ರಾಷ್ಟ್ರೀಯ ಡೊಮೆಸ್ಟಿಕ್ ವಯಲೆನ್ಸ್ ಹಾಟ್‌ಲೈನ್ 1-800-799-7233, ದಿನವಿಡೀ ಇರುತ್ತದೆ, ದುಭಾಷಿ ಬೇಕೆಂದು ಕೇಳಬಹುದು. ನಮ್ಮ ಕಡೆಯವರ ರೀತಿನೀತಿ ಬಲ್ಲ ಸಂಸ್ಥೆಗಳೂ ಇವೆ: ನ್ಯೂಜೆರ್ಸಿಯಲ್ಲಿ 1985ರಿಂದ ಮಾನವಿ, ನ್ಯೂಯಾರ್ಕ್‌ನಲ್ಲಿ ಸಖಿ, ಬೇ ಏರಿಯಾದಲ್ಲಿ ಮೈತ್ರಿ ಮತ್ತು ನಾರಿಕಾ, ಹ್ಯೂಸ್ಟನ್‌ನಲ್ಲಿ ದಯಾ, ಅಟ್ಲಾಂಟಾದಲ್ಲಿ ರಕ್ಷಾ, ಶಿಕಾಗೊದಲ್ಲಿ ಅಪ್ನಾ ಘರ್. ‘ಎಚ್-4 ಅವನ ಕೈಯಲ್ಲಿದೆ, ಬಿಟ್ಟರೆ ವಾಪಸ್ ಹೋಗಬೇಕು’ ಎಂದು ಹೆದರಿ ಸುಮ್ಮನಿರುವವರು ಒಂದು ವಿಷಯ ತಿಳಿದಿರಲಿ. ದೌರ್ಜನ್ಯಕ್ಕೆ ಒಳಗಾದ ಎಚ್-4 ಸಂಗಾತಿ ತನ್ನದೇ ಹೆಸರಿನಲ್ಲಿ ಕೆಲಸದ ಪರ್ಮಿಟ್‌ಗೆ ಅರ್ಜಿ ಹಾಕಲು ಕಾನೂನಿನಲ್ಲಿ ಅವಕಾಶ ಇದೆ, ಫಾರ್ಮ್ ಐ-765ವಿ. ಗಂಡನ ಸಹಿ ಬೇಡ.

## ಕೆಲಸ ಮತ್ತು ಮುಂದಿನ ದಾರಿ

ಕನ್ನಡ ಬರೋದ್ರಿಂದ ಏನಾದ್ರೂ ಉಪಯೋಗ ಇದೆಯಾ?

ಇದೆ, ತೊಡಕೂ ಇದೆ. ಮಗನ ಮನೆಗೆ ಬಂದು ನೆಲೆಸಿದ ಅಪ್ಪ-ಅಮ್ಮಂದಿರು ಈಗ ಎಪ್ಪತ್ತು, ಎಂಬತ್ತರ ವಯಸ್ಸಿನವರು. ಮರೆವಿನ ಕಾಯಿಲೆ ಬಂದಾಗ ಅನೇಕರಲ್ಲಿ ಮೊದಲು ಮಾಯವಾಗುವುದು ಕಷ್ಟಪಟ್ಟು ಕಲಿತ ಇಂಗ್ಲಿಷ್. ಆಸ್ಪತ್ರೆಗಳಲ್ಲಿ ಹಿಂದಿ ದುಭಾಷಿ ಸಿಗುತ್ತಾರೆ, ಕನ್ನಡದವರು ಅಪರೂಪ, ಮೊಮ್ಮಕ್ಕಳ ಕೈಯಲ್ಲಿ ಅನುವಾದ ಮಾಡಿಸುವಂತೆಯೂ ಇಲ್ಲ. ಅಂಥ ಕಡೆ ಕನ್ನಡ ಬಲ್ಲ ಕೇಸ್ ವರ್ಕರ್‌ಗೆ ಬೆಲೆ ಇದೆ. ಕನ್ನಡದ ಜೊತೆ ತೆಲುಗು, ತಮಿಳು, ಹಿಂದಿ, ಉರ್ದು ಅಷ್ಟಿಷ್ಟು ಬಂದರೆ ರೆಸ್ಯುಮೆಯಲ್ಲಿ ಖಂಡಿತ ಬರೆಯಿರಿ.

ತೊಡಕು ಏನೆಂದರೆ ನಮ್ಮ ಲೋಕ ಬಹಳ ಚಿಕ್ಕದು. ಮಂಗಳವಾರ ನಿಮ್ಮೆದುರು ಕೂತು ಅತ್ತ ಹೆಂಗಸು ಶನಿವಾರ ಯುಗಾದಿ ಕಾರ್ಯಕ್ರಮದಲ್ಲಿ ಗಂಡನ ಜೊತೆ ಎದುರಾಗುತ್ತಾಳೆ. ಆಕೆ ಮಾತಾಡಿಸಿದರೆ ಮಾತ್ರ ನೀವು ಮಾತಾಡಿಸಬೇಕು, ಇಲ್ಲದಿದ್ದರೆ ಪರಿಚಯವೇ ಇಲ್ಲದವರಂತೆ ದಾಟಿ ಹೋಗಬೇಕು. ಇದನ್ನು ಮೊದಲ ಭೇಟಿಯಲ್ಲೇ ಆಕೆಗೆ ಹೇಳಿಬಿಡಿ. ಮೊದಲೇ ಪರಿಚಯವಿರುವವರ ಕೇಸ್ ಬಂದರೆ ಸೂಪರ್‌ವೈಸರ್‌ಗೆ ತಿಳಿಸಿ ಬೇರೆಯವರಿಗೆ ಬಿಡಿ. ಕ್ಲೈಂಟ್ ಡಬ್ಬಿ ತುಂಬ ಚಕ್ಕುಲಿ ತಂದರೆ? ಹೆಚ್ಚಿನ ಸಂಸ್ಥೆಗಳಲ್ಲಿ ಉಡುಗೊರೆಗೆ ನಿಯಮ ಇದೆ. ಕಚೇರಿಯ ಎಲ್ಲರ ಮೇಜಿಗೆ ಇಟ್ಟು ಸೂಪರ್‌ವೈಸರ್‌ಗೆ ಹೇಳುವುದು ನಾನು ಕಂಡ ಒಳ್ಳೆಯ ಉಪಾಯ. ಅರಿಶಿನ ಕುಂಕುಮಕ್ಕೆ ಕರೆದರೆ ಮಾತ್ರ ನಯವಾಗಿ ಇಲ್ಲ ಎನ್ನಲೇಬೇಕು, ಅದು ಎಷ್ಟು ಕಷ್ಟ ಎಂದು ಅಮೆರಿಕನ್ ಸೂಪರ್‌ವೈಸರ್‌ಗೆ ಅರ್ಥ ಮಾಡಿಸುವುದು ಇನ್ನೂ ಕಷ್ಟ.

ಡಿಗ್ರಿ ಆದ್ಮೇಲೆ ಏನು ಕೆಲಸ? ಸಂಬಳ ಎಷ್ಟು?

ಕೇಸ್ ಮ್ಯಾನೇಜರ್, ಇಂಟೇಕ್ ವರ್ಕರ್, ಶೆಲ್ಟರ್ ಅಡ್ವೊಕೇಟ್, ಗ್ರೂಪ್ ಹೋಮ್‌ನಲ್ಲಿ ರೆಸಿಡೆನ್ಶಿಯಲ್ ಕೌನ್ಸೆಲರ್, ಕೌಂಟಿಯಲ್ಲಿ ಎಲಿಜಿಬಿಲಿಟಿ ವರ್ಕರ್, ಕಮ್ಯುನಿಟಿ ಹೆಲ್ತ್ ವರ್ಕರ್. ಸರ್ಕಾರಿ ಲೆಕ್ಕದಲ್ಲಿ ಈ ವರ್ಗದ ನಡುಮಟ್ಟದ ಸಂಬಳ 2024ರಲ್ಲಿ ವರ್ಷಕ್ಕೆ 45 ಸಾವಿರ ಡಾಲರ್ ಆಸುಪಾಸು. ಬೇ ಏರಿಯಾದ ಬಾಡಿಗೆಗೆ ಅದು ಏನೇನೂ ಸಾಲದು, ಈ ಮಾತನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೌಂಟಿ ಕೆಲಸಗಳು ಸಂಬಳ, ಪಿಂಚಣಿ, ಇನ್ಶುರೆನ್ಸ್ ಎಲ್ಲದರಲ್ಲೂ ಸೇವಾಸಂಸ್ಥೆಗಳಿಗಿಂತ ಮೇಲು, ಆದರೆ ಪರೀಕ್ಷೆ, ಪಟ್ಟಿ, ಕಾಯುವಿಕೆ ಎಂದು ತಿಂಗಳುಗಟ್ಟಲೆ ಎಳೆಯುತ್ತದೆ.

ಎಚ್‌ಎಸ್-ಬಿಸಿಪಿ ಸರ್ಟಿಫಿಕೇಶನ್ ಮಾಡಿಸ್ಬೇಕಾ?

ಅದು ಹ್ಯೂಮನ್ ಸರ್ವೀಸಸ್‌ನವರಿಗೆ ಇರುವ ರಾಷ್ಟ್ರಮಟ್ಟದ ಪ್ರಮಾಣಪತ್ರ. ಲೈಸೆನ್ಸ್ ಅಲ್ಲ. ಕೆಲಸದ ಜಾಹೀರಾತಿನಲ್ಲಿ ಕೇಳಿದ್ದರೆ ಮಾಡಿಸಿ, ಇಲ್ಲದಿದ್ದರೆ ಆತುರವಿಲ್ಲ. ಕುಡಿತ, ಮಾದಕವಸ್ತು ಚಿಕಿತ್ಸೆಯ ಕಡೆ ಹೋಗುವವರಿಗೆ ರಾಜ್ಯದ ಅಡಿಕ್ಷನ್ ಕೌನ್ಸೆಲರ್ ಪ್ರಮಾಣಪತ್ರ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನ್ಯೂಯಾರ್ಕ್‌ನಲ್ಲಿ ಅದಕ್ಕೆ 350 ಗಂಟೆಯ ನಿಗದಿತ ಪಾಠ ಬೇಕು, ಅನೇಕ ಕಮ್ಯುನಿಟಿ ಕಾಲೇಜುಗಳು ಅದನ್ನು ಪದವಿಯೊಳಗೇ ಹೆಣೆದಿವೆ. ಕ್ಯಾಲಿಫೋರ್ನಿಯಾದಲ್ಲಿ ದೌರ್ಜನ್ಯ ಸಂತ್ರಸ್ತರ ಜೊತೆ ಕೆಲಸ ಮಾಡುವವರಿಗೆ 40 ಗಂಟೆಯ ತರಬೇತಿ ಇದೆ. ಅದನ್ನು ಸ್ವಯಂಸೇವಕರಾಗಿಯೂ ಪಡೆಯಬಹುದು, ಓದು ಶುರುಮಾಡುವ ಮುಂಚೆಯೇ ಮಾಡಿದರೆ ಇನ್ನೂ ಒಳ್ಳೆಯದು.

ಕೊನೆಗೆ ಥೆರಪಿಸ್ಟ್ ಆಗಬೇಕು ಅಂತಿದೆ. ಒಟ್ಟು ಎಷ್ಟು ವರ್ಷ?

ಸೊನ್ನೆಯಿಂದ ಶುರುಮಾಡಿದರೆ ಕಮ್ಯುನಿಟಿ ಕಾಲೇಜು ಎರಡು, ಬಿಎಸ್‌ಡಬ್ಲ್ಯೂಗೆ ಇನ್ನೆರಡು. ಅದರಲ್ಲಿ 400 ಗಂಟೆ ಫೀಲ್ಡ್. ಬಿಎಸ್‌ಡಬ್ಲ್ಯೂ ಇದ್ದವರಿಗೆ ಅನೇಕ ಕಡೆ ಎಂಎಸ್‌ಡಬ್ಲ್ಯೂ ಒಂದೇ ವರ್ಷ, ಅಡ್ವಾನ್ಸ್‌ಡ್ ಸ್ಟ್ಯಾಂಡಿಂಗ್ ಎನ್ನುತ್ತಾರೆ. ಸೈಕಾಲಜಿಯಲ್ಲೋ ಹ್ಯೂಮನ್ ಸರ್ವೀಸಸ್‌ನಲ್ಲೋ ಬಿಎ ಮಾಡಿ ಹೋದರೆ ಎರಡು ವರ್ಷ, 900 ಗಂಟೆ ಫೀಲ್ಡ್. ಹಾಗಾಗಿ ಟ್ರಾನ್ಸ್‌ಫರ್ ಹೊತ್ತಿನಲ್ಲಿ ಬಿಎಸ್‌ಡಬ್ಲ್ಯೂ ಸಿಗುವುದಾದರೆ ಬೇರೆ ಬಿಎ ಕಡೆ ನೋಡಬೇಡಿ. ಆಮೇಲೆ ಥೆರಪಿ ಮಾಡಲು ಅನುಮತಿ ಕೊಡುವ ಕ್ಯಾಲಿಫೋರ್ನಿಯಾದ ಎಲ್‌ಸಿಎಸ್‌ಡಬ್ಲ್ಯೂ ಲೈಸೆನ್ಸ್‌ಗೆ ಮೇಲ್ವಿಚಾರಣೆಯಲ್ಲಿ 3,000 ಗಂಟೆ ಕೆಲಸ, ಕನಿಷ್ಠ 104 ವಾರ, ಮತ್ತೆ ಪರೀಕ್ಷೆಗಳು. ಒಟ್ಟು ಏಳೆಂಟು ವರ್ಷ. ಪದವೀಧರರಿಗೆ ನಾಲ್ಕೈದು. ಈ ನಡುವೆ ಗಂಡನಿಗೆ ಬೇರೆ ರಾಜ್ಯಕ್ಕೆ ವರ್ಗವಾದರೆ ಲೈಸೆನ್ಸ್ ಗಂಟೆಗಳ ಲೆಕ್ಕ ಅಲ್ಲಿನ ಮಂಡಳಿಯ ಪ್ರಕಾರ ಮತ್ತೆ ನೋಡಬೇಕು.

ಮುಂದೆ ಊರಿಗೆ ವಾಪಸ್ ಹೋದ್ರೆ ಈ ಡಿಗ್ರಿಗೆ ಬೆಲೆ ಇದೆಯಾ?

ಅಸೋಸಿಯೇಟ್ ಡಿಗ್ರಿ ನಮ್ಮ ಪದವಿಗೆ ಸಮ ಅಲ್ಲ. ಪಿಯುಸಿ ಆದಮೇಲೆ ನೇರವಾಗಿ ಇಲ್ಲಿ ಬಂದು ಎರಡು ವರ್ಷ ಓದಿದವರಿಗೆ ಅದೊಂದರ ಮೇಲೆ ಕರ್ನಾಟಕದಲ್ಲಿ ಎಂಎಸ್‌ಡಬ್ಲ್ಯೂ ಸೇರಲು ಆಗದು, ಬ್ಯಾಚುಲರ್ಸ್ ಮುಗಿಸಿಯೇ ಹೋಗಬೇಕು. ಮೊದಲೇ ಬಿಎ, ಬಿಕಾಂ ಇದ್ದವರು ಆ ಡಿಗ್ರಿಯ ಮೇಲೆ ಅಲ್ಲಿ ಎಂಎಸ್‌ಡಬ್ಲ್ಯೂ ಸೇರಬಹುದು, ಇಲ್ಲಿಯ ಓದು ಅನುಭವವಾಗಿ ಜೊತೆಗಿರುತ್ತದೆ. ಹೋಗುವ ಮುಂಚೆ ಪ್ರತಿ ಕೋರ್ಸಿನ ಸಿಲಬಸ್, ಸೀಲ್ ಹಾಕಿದ ಟ್ರಾನ್ಸ್‌ಕ್ರಿಪ್ಟ್ ಮತ್ತು ಪ್ರಾಕ್ಟಿಕಂ ಗಂಟೆಗಳಿಗೆ ಸೂಪರ್‌ವೈಸರ್ ಸಹಿಯಿರುವ ಪತ್ರ ತೆಗೆದಿಟ್ಟುಕೊಳ್ಳಿ. ಸೇವಾಸಂಸ್ಥೆಗಳಲ್ಲಿ ಸಿಬ್ಬಂದಿ ಬೇಗ ಬೇಗ ಬದಲಾಗುತ್ತಾರೆ, ಎರಡು ವರ್ಷ ಬಿಟ್ಟು ಕೇಳಿದರೆ ನಿಮ್ಮನ್ನು ನೆನಪಿಟ್ಟವರು ಅಲ್ಲಿ ಇರುವುದಿಲ್ಲ.